ಅಟ್ಟದ ಟ್ರಂಕಿನಿಂದ ಮನೆಯ ಸರ್ವರ್‌ಗೆ: ಎಂಟು ತಿಂಗಳ ಕೆಲಸದ ದಿನಚರಿ

ಆಲ್ದೂರಿನಿಂದ ಏಳು ಕಿಲೋಮೀಟರ್ ಒಳಗೆ ಹೋದರೆ ನಮ್ಮ ತೋಟದ ಮನೆ. ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ಅಜ್ಜನ ಕಾಲದ ಪಹಣಿ, ಕಂದಾಯದ ರಸೀದಿ, ಕಾಫಿ ಬೋರ್ಡಿನ ಪೂಲ್ ಕಾಲದ (ಬೆಳೆಯನ್ನು ಬೋರ್ಡಿಗೇ ಕೊಡಬೇಕಿದ್ದ ಕಾಲ) ಚೀಟಿಗಳು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ತೂಕದ ಪಟ್ಟಿ, 1971ರಿಂದ ಬರೆದುಕೊಂಡು ಬಂದ ಮಳೆ ಪುಸ್ತಕ, ಎಲ್ಲವೂ ಅದರಲ್ಲೇ. 2024ರ ಮಳೆಗಾಲದಲ್ಲಿ ಹೆಂಚು ಸರಿದು ನೀರು ಇಳಿದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಕೊಯ್ಲು ಮುಗಿಸಿ 2025ರ ಫೆಬ್ರವರಿಯಲ್ಲಿ ಟ್ರಂಕು ಇಳಿಸಿದಾಗ ತಳದ ಎರಡು ಕಟ್ಟು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಕಾಗದವೇ ಕೈಗೆ ಬಂತು.

ಉಳಿದದ್ದನ್ನಾದರೂ ಸ್ಕ್ಯಾನ್ ಮಾಡಿ, ಮನೆಯವರು ಯಾವ ಊರಿನಲ್ಲಿದ್ದರೂ ಹುಡುಕಿ ತೆಗೆಯುವಂತೆ ಇಡಬೇಕೆಂದು ಹೊರಟೆ. ಆರು ಜನರ ಆಧಾರ್ ಪ್ರತಿ, ಪಾಸ್‌ಬುಕ್, ವಿಭಾಗ ಪತ್ರ ಇರುವ ಗಂಟು ಅದು. ಬೇರೆಯವರ ಯಂತ್ರದಲ್ಲಿ ಇಡಲು ಮನಸ್ಸು ಬರಲಿಲ್ಲ. ಸ್ವತಂತ್ರ ತಂತ್ರಾಂಶ (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ, ಹಂಚಬಹುದಾದದ್ದು) ಹಾಕಿ ಮನೆಯಲ್ಲೇ ಸರ್ವರ್ (ಕಡತ ಇಟ್ಟುಕೊಂಡು ಜಾಲದ ಮೂಲಕ ಒದಗಿಸುವ ಕಂಪ್ಯೂಟರ್) ನಡೆಸೋಣ ಎಂದು ತೀರ್ಮಾನಿಸಿದೆ.

ಕೆಲಸ ಮುಗಿದದ್ದು ಅಕ್ಟೋಬರ್ ಮೊದಲ ವಾರ. ನಡುವೆ ಮಾಡಿದ ದೊಡ್ಡ ತಪ್ಪನ್ನು ನಾಲ್ಕನೇ ಹಂತದಲ್ಲಿ ಪೂರ್ತಿ ಬರೆದಿದ್ದೇನೆ. ಸಮಯ ಕಡಿಮೆ ಇದ್ದವರು ಅದನ್ನೊಂದು ಓದಿಕೊಳ್ಳಿ.

ಹಂತ 1: ತಂತ್ರಾಂಶ ಆರಿಸಿದ್ದು (ಫೆಬ್ರವರಿ 10ರಿಂದ 23)

ಕಾಗದಪತ್ರ ನಿರ್ವಹಣೆಗೆ ಐದು ತಂತ್ರಾಂಶ ಗುರುತು ಹಾಕಿಕೊಂಡಿದ್ದೆ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಪರವಾನಗಿ ಯಾವುದು, ಕೊನೆಯ ಬಿಡುಗಡೆ ಯಾವಾಗ, ಎಷ್ಟು ಜನ ಕೋಡ್ ಸೇರಿಸುತ್ತಿದ್ದಾರೆ, ಭದ್ರತಾ ದೋಷ ತಿಳಿಸಲು ದಾರಿ ಇದೆಯೇ, ನನ್ನ ಕಡತ ವಾಪಸ್ ತೆಗೆದುಕೊಂಡು ಹೊರಡಲು ಬರುತ್ತದೆಯೇ. ಎರಡು ಮೊದಲ ಪ್ರಶ್ನೆಯಲ್ಲೇ ಬಿದ್ದುಹೋದವು: ಕೋಡ್ ನೋಡಬಹುದು, ಆದರೆ ಬದಲಿಸಿ ಹಂಚುವಂತಿಲ್ಲ. ಇನ್ನೊಂದರ ಕೊನೆಯ ಬಿಡುಗಡೆ ಆಗಿ ಮೂರು ವರ್ಷ ಕಳೆದಿತ್ತು.

ನಿಂತದ್ದು ಪೇಪರ್‌ಲೆಸ್-ಎನ್‌ಜಿಎಕ್ಸ್. ಪರವಾನಗಿ ಜಿಪಿಎಲ್ 3, ಅಂದರೆ ಬದಲಿಸಿ ಹಂಚಲು ಬಿಡುವ ಪರವಾನಗಿ. ಇದರ ವಂಶಾವಳಿಯೇ ನನಗೆ ಧೈರ್ಯ ಕೊಟ್ಟಿತು. ಮೊದಲು ಪೇಪರ್‌ಲೆಸ್ ಎಂಬ ಯೋಜನೆ ಇತ್ತು. ಅದು ನಿಂತಾಗ ಇನ್ನೊಬ್ಬರು ಪೇಪರ್‌ಲೆಸ್-ಎನ್‌ಜಿ ಎಂದು ಮುಂದುವರಿಸಿದರು. ಅವರದೂ ನಿಧಾನವಾದಾಗ 2022ರಲ್ಲಿ ಒಂದು ಗುಂಪು ಸೇರಿ ಎನ್‌ಜಿಎಕ್ಸ್ ಹೆಸರಿನಲ್ಲಿ ಕೈಗೆತ್ತಿಕೊಂಡಿತು. ಪರವಾನಗಿ ಸ್ವತಂತ್ರವಾಗಿದ್ದುದರಿಂದ ಎರಡು ಸಲವೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಐವತ್ತು ವರ್ಷದ ಕಾಗದ ಇಡುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ ಎಂದೇ ನಾನು ನಂಬುತ್ತೇನೆ.

ಒಂದು ಎಚ್ಚರ. ಹೆಸರು ಹಾಕಿ ಹುಡುಕಿದರೆ ಜಾಹೀರಾತಿನ ರೂಪದಲ್ಲಿ ಅದೇ ಮುಖದ ನಕಲಿ ತಾಣಗಳು ಮೇಲೆ ಬರಬಹುದು. ಮೂಲ ಕೋಡ್ ಇರುವ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟ ಕೊಂಡಿಯಿಂದಲೇ ಮುಂದುವರಿಯಿರಿ. ಒಂದೇ ಸಾಲಿನ ಆಜ್ಞೆ ಅಂಟಿಸಿದರೆ ಎಲ್ಲ ತಾನಾಗಿ ಆಗುತ್ತದೆ ಎನ್ನುವ ಸ್ಕ್ರಿಪ್ಟ್‌ಗಳನ್ನು ನಾನು ಬಳಸಲಿಲ್ಲ.

ಹಂತ 2: ಯಂತ್ರ (ಮಾರ್ಚ್ 3ರಿಂದ 9)

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಕೊನೆಗೆ ಹಳೆಯ ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ ತರಿಸಿದೆ. 8 ಜಿಬಿ ರ್‍ಯಾಮ್ ಸೇರಿ 12,500 ರೂಪಾಯಿ. ಇನ್ನೊಂದು 8 ಜಿಬಿ ರ್‍ಯಾಮ್‌ಗೆ 1,600. ಕಡತಗಳಿಗೆಂದು 1 ಟಿಬಿ ಎಸ್‌ಎಸ್‌ಡಿ, 5,400. ಸುಮ್ಮನಿದ್ದಾಗ ಗೋಡೆಯ ಪ್ಲಗ್‌ನಲ್ಲಿ ಅಳೆದರೆ 11 ವ್ಯಾಟ್, ತಿಂಗಳಿಗೆ ಸುಮಾರು 8 ಯೂನಿಟ್.

ಬಂದ ಯಂತ್ರದ ಎನ್‌ವಿಎಂಇ ಡಿಸ್ಕಿನಲ್ಲಿ ಹಿಂದಿನ ಕಚೇರಿಯ ಕಡತಗಳು ಹಾಗೇ ಇದ್ದವು. ತೆರೆದು ನೋಡದೆ ಪೂರ್ತಿ ಅಳಿಸಿದೆ. ನಮ್ಮ ಯಂತ್ರ ಮಾರುವ ದಿನ ಇದು ನೆನಪಿರಬೇಕು ಎಂದು ಎರಡೂ ಡಿಸ್ಕಿಗೆ ಲಕ್ಸ್ ಗೂಢಲಿಪಿ (ಕೀಲಿ ಇಲ್ಲದೆ ಡಿಸ್ಕು ಓದಲಾಗದಂತೆ ಮಾಡುವ ಲಿನಕ್ಸ್ ವ್ಯವಸ್ಥೆ) ಹಾಕಲು ಯೋಚಿಸಿದೆ. ಆದರೆ ಎರಡಕ್ಕೂ ಹಾಕಿದರೆ ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಕೀಲಿಮಣೆ ಜೋಡಿಸಿ ಪಾಸ್‌ವರ್ಡ್ ಕೊಡಬೇಕು. ನಾನು ಊರಲ್ಲಿ ಇಲ್ಲದ ದಿನ ಅದು ನಡೆಯದು. ಕೊನೆಗೆ ಕಡತಗಳ ಡಿಸ್ಕಿಗೆ ಮಾತ್ರ ಹಾಕಿ, ಅದರ ಕೀಲಿಯನ್ನು ಸಿಸ್ಟಂ ಡಿಸ್ಕಿನಲ್ಲಿ ಇಟ್ಟೆ. ಡಿಸ್ಕು ಒಂದನ್ನೇ ಕಿತ್ತುಕೊಂಡು ಹೋದವರಿಗೆ ಓದಲು ಆಗದು. ಪೂರ್ತಿ ಯಂತ್ರ ಹೊತ್ತೊಯ್ದರೆ ಇದು ಕಾಪಾಡುವುದಿಲ್ಲ. ಇದು ರಾಜಿ, ಗೊತ್ತಿದ್ದೇ ಮಾಡಿಕೊಂಡದ್ದು.

ಹಾಕಿದ್ದು ಡೆಬಿಯನ್ 12, ಲಿನಕ್ಸ್‌ನ ಒಂದು ರೂಪ. ಇಳಿಸಿಕೊಂಡ ಕಡತದ ಎಸ್‌ಎಚ್‌ಎ512 ಮೊತ್ತ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಖ್ಯೆ) ತಾಳೆ ನೋಡಿದೆ. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನೇ ಹಿಡಿದದ್ದಕ್ಕೆ ಒಂದು ಕಾರಣವಿದೆ. 2024ರ ಮಾರ್ಚ್ 29ರಂದು ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟದ್ದು ಬಯಲಾಯಿತು. ಹೊಸತಿನ ಹಿಂದೆ ಓಡುವ ಶಾಖೆಗಳಿಗೆ ಅದು ಸೇರಿಬಿಟ್ಟಿತ್ತು, ಸ್ಥಿರ ಡೆಬಿಯನ್‌ಗೆ ಮುಟ್ಟಿರಲಿಲ್ಲ. ಭದ್ರತಾ ತೇಪೆಗಳು ದಿನವೂ ತಾವಾಗಿ ಬೀಳಲು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿದೆ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಯಂತ್ರಕ್ಕೆ ಆಜ್ಞೆ ಕೊಡುವ ದಾರಿ) ಪಾಸ್‌ವರ್ಡ್ ಪ್ರವೇಶ ಮುಚ್ಚಿ ಕೀಲಿ ಮಾತ್ರ ಉಳಿಸಿದೆ.

ಹಂತ 3: ಕರೆಂಟು (ಮಾರ್ಚ್ 15ರಿಂದ 30)

ಮನೆಯಲ್ಲಿ ಇನ್ವರ್ಟರ್ ಇತ್ತು, ಸಾಕು ಎಂದುಕೊಂಡಿದ್ದೆ. ಮೊದಲ ಸಲ ಕರೆಂಟು ಹೋದಾಗ ದೀಪ ಮಿಟುಕಿತು, ಸರ್ವರ್ ರೀಬೂಟ್ ಆಯಿತು. ಎರಡನೇ ಸಲವೂ ಅದೇ. ಹಿಂಬದಿಯಲ್ಲಿ ಒಂದು ಸ್ವಿಚ್ ಇದೆ: ಸಾಮಾನ್ಯ ಮೋಡ್, ಯುಪಿಎಸ್ ಮೋಡ್. ನಮ್ಮದು ಏಳು ವರ್ಷದಿಂದ ಸಾಮಾನ್ಯದಲ್ಲೇ ಇತ್ತು. ಯುಪಿಎಸ್ ಮೋಡ್‌ಗೆ ಹಾಕಿದ ಮೇಲೆ ಬದಲಾವಣೆ ಸರ್ವರ್‌ಗೆ ತಿಳಿಯುವುದೇ ಇಲ್ಲ. ಬಯಾಸ್‌ನಲ್ಲಿ ಕರೆಂಟು ಬಂದಾಗ ತಾನೇ ಆನ್ ಆಗುವ ಆಯ್ಕೆಯನ್ನೂ ಒತ್ತಿದೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನು ಅದೇ ಲೈನಿಗೆ ತಂದೆ.

ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಸಿಡಿಲು ಬರುವ ಕಾಲ ಅದು. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ನೋಡಿದರೆ 14 ವೋಲ್ಟ್! ಅರ್ತ್ ಗುಂಡಿ ಒಣಗಿ ತಂತಿಯ ಜೋಡಣೆ ತುಕ್ಕು ಹಿಡಿದಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ಕಡ್ಡಿ ಹೂತು, ಜೋಡಣೆ ಬಿಗಿದು, ಸರ್ಜ್ ತಡೆಯುವ ಪೆಟ್ಟಿಗೆ ಹಾಕಿದರು. 2,300 ರೂಪಾಯಿ. ಈಗ 2 ವೋಲ್ಟ್‌ನೊಳಗೆ. ಸರ್ವರ್ ಇಲ್ಲದಿದ್ದರೂ ಮಾಡಿಸಬೇಕಿದ್ದ ಕೆಲಸ.

ಹಂತ 4: ಅಡ್ಡದಾರಿ, ಮತ್ತು ಒಂಬತ್ತು ದಿನ (ಏಪ್ರಿಲ್ 4ರಿಂದ 20)

ಹೊರಗಿನಿಂದ ಮನೆಯ ಸರ್ವರ್ ತಲುಪಬೇಕಲ್ಲ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆ ಹಾಕಿದ ಬಾಗಿಲು; ಅಲ್ಲಿಗೆ ಬಂದದ್ದನ್ನು ಸರ್ವರ್‌ಗೆ ದಾಟಿಸುವುದು), ಬರಲಿಲ್ಲ. ಎರಡು ಸಂಜೆ ಪೂರ್ತಿ ಅದರಲ್ಲೇ ಹೋಯಿತು. ಮೂರನೇ ದಿನ ರೂಟರ್‌ನ ಹೊರಮುಖದ ವಿಳಾಸ ನೋಡಿದೆ: 100.72ರಿಂದ ಶುರು. 100.64ರಿಂದ 100.127ರವರೆಗಿನ ವಿಳಾಸಗಳು ಸಿಜಿನ್ಯಾಟ್‌ಗೆಂದೇ ಮೀಸಲು. ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಮನೆ ಹಂಚಿಕೊಂಡಿವೆ. ನಮ್ಮ ಬಾಗಿಲು ತಟ್ಟಲು ಹೊರಗಿನವರಿಗೆ ದಾರಿಯೇ ಇಲ್ಲ. ಮೊದಲ ನಿಮಿಷದಲ್ಲಿ ನೋಡಬೇಕಿದ್ದ ಸಂಖ್ಯೆ ಇದು.

ಬೇಸರದಲ್ಲಿ ಅಡ್ಡದಾರಿ ಹಿಡಿದೆ. ತಿಂಗಳಿಗೆ 420 ರೂಪಾಯಿಗೆ ಸ್ಥಿರ ವಿಳಾಸವಿರುವ ಒಂದು ಚಿಕ್ಕ ಬಾಡಿಗೆ ಸರ್ವರ್ ತೆಗೆದುಕೊಂಡು, ಸದ್ಯಕ್ಕೆ ಪೇಪರ್‌ಲೆಸ್ ಅನ್ನು ಅಲ್ಲೇ ಡಾಕರ್‌ನಲ್ಲಿ (ತಂತ್ರಾಂಶವನ್ನು ಅದರದೇ ಪೆಟ್ಟಿಗೆಯಲ್ಲಿ, ಅಂದರೆ ಕಂಟೇನರ್‌ನಲ್ಲಿ, ಓಡಿಸುವ ಸಾಧನ) ನಿಲ್ಲಿಸಿದೆ. ಯುಎಫ್‌ಡಬ್ಲ್ಯು ಫೈರ್‌ವಾಲ್ (ಯಾವ ಪೋರ್ಟ್ ತೆರೆದಿರಬೇಕೆಂದು ಕಾಯುವ ತಂತ್ರಾಂಶ) ಹಾಕಿ, ಒಳಬರುವ ಎಲ್ಲವನ್ನೂ ತಡೆ ಎಂದು, ಎಸ್‌ಎಸ್‌ಎಚ್ ಒಂದನ್ನೇ ಬಿಟ್ಟೆ. ಸ್ಥಿತಿ ಕೇಳಿದರೆ ಚೆನ್ನಾಗಿ ತೋರಿಸುತ್ತಿತ್ತು: ಎಸ್‌ಎಸ್‌ಎಚ್‌ನ 22 ಮಾತ್ರ ತೆರೆದಿದೆ, ಉಳಿದದ್ದು ಬಂದ್. ಪೇಪರ್‌ಲೆಸ್‌ನ 8000 ಪೋರ್ಟನ್ನು ನಾನು ಎಸ್‌ಎಸ್‌ಎಚ್ ಸುರಂಗದ ಮೂಲಕವೇ ನೋಡುತ್ತಿದ್ದೆ. ಹಾಗಾಗಿ ಮುಚ್ಚಿದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಪರೀಕ್ಷೆಗೆಂದು ಅಡ್ಮಿನ್ ಹೆಸರಿಗೆ ತೋಟದ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಕೊಟ್ಟಿದ್ದೆ. 41 ಕಾಗದ ಏರಿಸಿದೆ. ಅವುಗಳಲ್ಲಿ ಅಜ್ಜಿ, ಅಪ್ಪ ಮತ್ತು ಚಿಕ್ಕಪ್ಪನ ಆಧಾರ್ ಪ್ರತಿಗಳೂ ಇದ್ದವು.

ಏಪ್ರಿಲ್ 18ರ ಸಂಜೆ ಹಾಸನದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾವ ಕೇಳಿದರು: ಹೊರಗಿನಿಂದ ಒಮ್ಮೆ ನೋಡಿದ್ದೀಯಾ? ನೋಡಿರಲಿಲ್ಲ. ಅವರ ಫೋನಿನ ಡೇಟಾ ಹಿಡಿದು ಲ್ಯಾಪ್‌ಟಾಪಿನಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿದೆ. 22 ತೆರೆದಿದೆ. 8000 ತೆರೆದಿದೆ. ಬ್ರೌಸರ್‌ನಲ್ಲಿ ವಿಳಾಸ ಹೊಡೆದರೆ ಪೇಪರ್‌ಲೆಸ್‌ನ ಪ್ರವೇಶ ಪುಟ ಎದುರಿಗೆ ಬಂತು, ಅದೂ ಗೂಢಲಿಪಿ ಇಲ್ಲದ ಬರಿಯ ಎಚ್‌ಟಿಟಿಪಿಯಲ್ಲಿ. ಕೈ ತಣ್ಣಗಾಯಿತು.

ಆದದ್ದು ಇಷ್ಟು. ಡಾಕರ್ ಏನು ಓಡಿಸಬೇಕೆಂದು ಬರೆಯುವ ಕಂಪೋಸ್ ಕಡತದಲ್ಲಿ ಪೋರ್ಟ್ ಸಾಲನ್ನು 8000:8000 ಎಂದು ಬರೆದರೆ ಡಾಕರ್ ಅದನ್ನು ಯಂತ್ರದ ಎಲ್ಲ ವಿಳಾಸಗಳಲ್ಲೂ ತೆರೆಯುತ್ತದೆ. ಜೊತೆಗೆ ಲಿನಕ್ಸ್‌ನ ಐಪಿಟೇಬಲ್ಸ್ ಎಂಬ ಫೈರ್‌ವಾಲ್‌ಗೆ ತನ್ನದೇ ನಿಯಮ ಸೇರಿಸುತ್ತದೆ. ಆ ದಾರಿಯಲ್ಲಿ ಬಂದ ಪ್ಯಾಕೆಟ್‌ಗಳು (ಮಾಹಿತಿಯ ತುಣುಕುಗಳು) ಯುಎಫ್‌ಡಬ್ಲ್ಯು ಕಾಯುವ ಬಾಗಿಲನ್ನು ಹಾಯುವುದೇ ಇಲ್ಲ. ಡಾಕರ್‌ನ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ನಾನು ಓದಿರಲಿಲ್ಲ. 127.0.0.1:8000:8000 ಎಂದು ಬರೆದಿದ್ದರೆ ಆ ಯಂತ್ರದ ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಅಲ್ಲಿಗೆ ಮುಗಿದಿತ್ತು.

ಪೇಪರ್‌ಲೆಸ್ ಲಾಗ್ (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) ತೆಗೆದೆ. ಒಂಬತ್ತು ದಿನದಲ್ಲಿ 312 ವಿಫಲ ಪ್ರವೇಶ ಯತ್ನ, ಬಹುಪಾಲು ಅಡ್ಮಿನ್ ಹೆಸರಿನಲ್ಲೇ. ವರ್ಡ್‌ಪ್ರೆಸ್‌ನ ಪ್ರವೇಶ ಪುಟ ಇದೆಯೇ, ಗುಪ್ತ ಸಂಗತಿಗಳಿರುವ ಎನ್ವ್ ಕಡತ ಸಿಗುತ್ತದೆಯೇ ಎಂದು ತಟ್ಟಿ ನೋಡಿದ ಸಾಲುಗಳು ಬೇರೆ. ಯಾರೂ ನಮ್ಮನ್ನೇ ಹುಡುಕಿ ಬಂದವರಲ್ಲ. ಅಂತರಜಾಲದ ಎಲ್ಲ ವಿಳಾಸಗಳನ್ನೂ ಹಗಲೂ ರಾತ್ರಿ ತಟ್ಟುತ್ತಲೇ ಇರುವ ಯಂತ್ರಗಳು. ಹೊರಗಿನವರು ಒಳಬಂದ ದಾಖಲೆ ಲಾಗ್‌ನಲ್ಲಿ ಇರಲಿಲ್ಲ. ಆದರೆ ಆ ಲಾಗ್ ಇದ್ದದ್ದೂ ಅದೇ ಯಂತ್ರದಲ್ಲಿ. ಒಳಬಂದವರು ಅದನ್ನು ತಿದ್ದಬಹುದು. ಹೀಗಾಗಿ ಒಳಬಂದಿದ್ದಾರೆ ಎಂದೇ ಇಟ್ಟುಕೊಂಡು ಕೆಲಸ ಮಾಡಿದೆ.

ಅದೇ ರಾತ್ರಿ ಬಾಡಿಗೆ ಸರ್ವರ್ ನಿಲ್ಲಿಸಿ ಅಳಿಸಿದೆ. ಎಸ್‌ಎಸ್‌ಎಚ್ ಕೀಲಿ ಹೊಸದು. ಆ ಪಾಸ್‌ವರ್ಡ್‌ನ ಹತ್ತಿರದ ರೂಪ ಇನ್ನೆರಡು ಕಡೆ ಇತ್ತು, ಬದಲಿಸಿದೆ. ಮರುದಿನ ಮನೆಗೆ ಬಂದು ಮೂವರನ್ನೂ ಕೂರಿಸಿಕೊಂಡು ಏನಾಯಿತೆಂದು ಹೇಳಿದೆ. ಮೂವರ ಆಧಾರ್‌ಗೂ ಬಯೊಮೆಟ್ರಿಕ್ ಲಾಕ್ ಹಾಕಿಸಿದೆವು. ಅಜ್ಜಿ ಕೇಳಿದ್ದು ಒಂದೇ ಮಾತು: ನನ್ನ ಕಾಗದ ಇನ್ನೂ ಅಲ್ಲೇ ಇದೆಯಾ? ಇಲ್ಲ ಎಂದೆ. ಅದು ನಿಜವೇ ಎಂದು ನನಗೆ ಪೂರ್ತಿ ಖಾತ್ರಿ ಇರಲಿಲ್ಲ. ಈಗಲೂ ಇಲ್ಲ.

ಅಂದಿನಿಂದ ಮಾಡಿಕೊಂಡ ಕ್ರಮ: ಯಾವ ಪೋರ್ಟ್ ಬದಲಿಸಿದರೂ ಬೇರೆ ಜಾಲದಿಂದ ಎನ್‌ಮ್ಯಾಪ್ ಓಡಿಸಿ, ಫಲಿತಾಂಶ ನೋಟ್‌ಬುಕ್ಕಿಗೆ. ಫೈರ್‌ವಾಲ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದನ್ನು ಸಾಕ್ಷಿ ಎಂದು ತೆಗೆದುಕೊಳ್ಳುವುದಿಲ್ಲ.

ಹಂತ 5: ವೈರ್‌ಗಾರ್ಡ್ (ಮೇ 2ರಿಂದ 25)

ಹೊಸ ಯೋಜನೆಯಲ್ಲಿ ಕಾಗದಗಳು ಮನೆಯ ಯಂತ್ರದಲ್ಲೇ. ಹೊಸದಾಗಿ ಎಬ್ಬಿಸಿದ ಬಾಡಿಗೆ ಸರ್ವರ್ ಬರೀ ಕೂಡುರಸ್ತೆ. ಮನೆಯ ಸರ್ವರ್, ನಮ್ಮ ಫೋನುಗಳು, ಅಕ್ಕನ ಲ್ಯಾಪ್‌ಟಾಪ್ ಎಲ್ಲವೂ ವೈರ್‌ಗಾರ್ಡ್ (ಯಂತ್ರಗಳ ನಡುವೆ ಗೂಢಲಿಪಿಯ ಸುರಂಗ ಕಟ್ಟುವ ತಂತ್ರಾಂಶ) ಮೂಲಕ ಅಲ್ಲಿ ಸೇರುತ್ತವೆ. ಮನೆಯಿಂದಲೇ ಹೊರಗೆ ಸಂಪರ್ಕ ಹೊರಡುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ದಾರಿ ಮುಚ್ಚಿಹೋಗದಂತೆ ಮನೆಯ ಕಡೆ ಪ್ರತಿ 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಕಳಿಸುವ ಸಾಲು ಸೇರಿಸಿದೆ. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.6ಕ್ಕೇ ಸೇರಿದೆ, ಬೇರೆ ಏನೂ ತರಬೇಕಿಲ್ಲ. ಸರಿಯಾದ ಕೀಲಿ ಇಲ್ಲದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ. ತಟ್ಟುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯದು.

ಪೇಪರ್‌ಲೆಸ್ ಪ್ರವೇಶ ಪುಟವನ್ನು ಗಟ್ಟಿ ಪಾಸ್‌ವರ್ಡ್ ಹಾಕಿ ಸಾರ್ವಜನಿಕವಾಗಿ ಇಟ್ಟರೆ ಸಾಲದೇ ಎಂದು ಅಕ್ಕ ಕೇಳಿದಳು. 2023ರ ನವೆಂಬರ್‌ನಲ್ಲಿ ಕಡತ ಇಡುವ ಓನ್‌ಕ್ಲೌಡ್ ಎಂಬ ತಂತ್ರಾಂಶದ ಗ್ರಾಫ್ ಎಪಿಐ ಭಾಗದಲ್ಲಿ ಪತ್ತೆಯಾದ ದೋಷದ ಉದಾಹರಣೆ ಕೊಟ್ಟೆ. ಕಂಟೇನರ್‌ಗಳಲ್ಲಿ ನಡೆಯುತ್ತಿದ್ದ ಕಡೆ ಅದರಿಂದ ಅಡ್ಮಿನ್ ಪಾಸ್‌ವರ್ಡೇ ಹೊರಬೀಳುವಂತಿತ್ತು. ಅಂಥ ದಿನ ಗಟ್ಟಿ ಪಾಸ್‌ವರ್ಡ್ ಏನೂ ಮಾಡದು. ಮನೆಯ ಆರು ಜನರಿಗೆ ಬೇಕಾದದ್ದನ್ನು ಜಗತ್ತಿಗೆಲ್ಲ ತೆರೆದಿಡುವ ಅಗತ್ಯವೂ ಇಲ್ಲ.

ಎಡವಿದ ಜಾಗಗಳು:

ಫೋನಿನಿಂದ ಬಾಡಿಗೆ ಸರ್ವರ್ ಸಿಗುತ್ತದೆ, ಮನೆಯ ಸರ್ವರ್ ಸಿಗುವುದಿಲ್ಲ. ಐಪಿ ಫಾರ್ವರ್ಡ್ (ಬಂದ ಪ್ಯಾಕೆಟ್ ಮುಂದಕ್ಕೆ ಕಳಿಸುವುದು) ಆನ್ ಮಾಡಿದ್ದೆ, ಆದರೆ ಯುಎಫ್‌ಡಬ್ಲ್ಯು ಹಾದುಹೋಗುವ ಪ್ಯಾಕೆಟ್ ತಡೆಯುತ್ತಿತ್ತು. ವೈರ್‌ಗಾರ್ಡ್‌ನಿಂದ ವೈರ್‌ಗಾರ್ಡ್‌ಗೆ ಹಾದುಹೋಗಲು ಪ್ರತ್ಯೇಕ ರೂಟ್ ನಿಯಮ ಬೇಕು. ಒಂದು ಸಂಜೆ ಹೋಯಿತು.

ಬಾಡಿಗೆ ಸರ್ವರ್‌ನ ಎಸ್‌ಎಸ್‌ಎಚ್ ಅನ್ನು ವೈರ್‌ಗಾರ್ಡ್ ಒಳಗಿನಿಂದ ಮಾತ್ರ ಎಂದು ಮಾಡುವಾಗ ಹಳೆಯ ನಿಯಮ ಮೊದಲು ಅಳಿಸಿ, ಹೊಸದು ಬರೆಯುವ ಮುಂಚೆ ಸಂಪರ್ಕ ಕಡಿದುಕೊಂಡೆ. ಬಾಡಿಗೆಯವರ ತಾಣದಲ್ಲಿ ವೆಬ್ ಕನ್ಸೋಲ್ ಇದ್ದುದರಿಂದ ಒಳಹೋಗಲು ಆಯಿತು. ಹೊಸ ದಾರಿಯಲ್ಲಿ ಒಮ್ಮೆ ಒಳಬಂದು ನೋಡಿ, ಆಮೇಲೆ ಹಳೆಯದು ಮುಚ್ಚಿ.

ಮನೆಯ ವೈಫೈಯಲ್ಲಿ ಎಲ್ಲ ಸರಿ. ಮೊಬೈಲ್ ಡೇಟಾದಲ್ಲಿ ಕಾಗದಗಳ ಪಟ್ಟಿ ಬರುತ್ತದೆ, ಪಿಡಿಎಫ್ ತೆರೆದರೆ ಸುತ್ತುತ್ತಲೇ ಇರುತ್ತದೆ. ನಾಲ್ಕು ದಿನ ಪೇಪರ್‌ಲೆಸ್ ಅನ್ನೇ ದೂರಿದೆ. ಚಿಕ್ಕ ಪ್ಯಾಕೆಟ್ ದಾಟಿ, ದೊಡ್ಡದು ದಾರಿಯಲ್ಲೇ ಬೀಳುತ್ತಿತ್ತು. ವೈರ್‌ಗಾರ್ಡ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಇದ್ದದ್ದನ್ನು ಎಲ್ಲ ಕಡೆ 1280ಕ್ಕೆ ಇಳಿಸಿದೆ. ಆ ಕ್ಷಣದಿಂದ ಸರಿ.

ಇನ್ನು ಎಚ್‌ಟಿಟಿಪಿಎಸ್, ಅಂದರೆ ಬ್ರೌಸರ್‌ನಿಂದ ಸರ್ವರ್‌ವರೆಗಿನ ಗೂಢಲಿಪಿ. ವೈರ್‌ಗಾರ್ಡ್ ಇರುವಾಗ ಅದೇಕೆ ಎಂದು ನನಗೂ ಅನಿಸಿತ್ತು. ಆದರೆ ಕೂಡುರಸ್ತೆಯಲ್ಲಿ ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುತ್ತದೆ. ಆ ನಡುವೆ ಪ್ಯಾಕೆಟ್ ಬಿಚ್ಚಿಕೊಂಡಿರುತ್ತದೆ. ಬಾಡಿಗೆ ಯಂತ್ರದ ಒಳಗೆ ಕೂತವರಿಗೂ ಓದಲಾಗದಂತೆ ಇರಬೇಕಾದರೆ ಒಳಗೆ ಇನ್ನೊಂದು ಪದರ ಬೇಕು. ವರ್ಷಕ್ಕೆ 900 ರೂಪಾಯಿಗೆ ಒಂದು ಡೊಮೇನ್ ಕೊಂಡು, ಮನೆಯ ಯಂತ್ರದಲ್ಲಿ ಕ್ಯಾಡಿ ಎಂಬ ವೆಬ್ ಸರ್ವರ್ ನಿಲ್ಲಿಸಿ, ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನು ಡಿಎನ್‌ಎಸ್ ವಿಧಾನದಲ್ಲಿ (ಡೊಮೇನ್ ಹೆಸರಿನ ದಾಖಲೆಯಲ್ಲಿ ಗುರುತು ಬರೆದು) ಪಡೆದೆ. ಇದಕ್ಕೆ ಯಾವ ಪೋರ್ಟೂ ತೆರೆಯಬೇಕಿಲ್ಲ. ಆದರೆ ಕ್ಯಾಡಿಯನ್ನು ನಮ್ಮ ಡಿಎನ್‌ಎಸ್ ಸೇವೆಯ ಪ್ಲಗಿನ್ ಸೇರಿಸಿ ಕಟ್ಟಿಕೊಳ್ಳಬೇಕು. ಕೊಡುವ ಪ್ರಮಾಣಪತ್ರಗಳ ಹೆಸರೆಲ್ಲ ಸಾರ್ವಜನಿಕ ದಾಖಲೆಗೆ ಹೋಗುತ್ತವೆ, ಆದ್ದರಿಂದ ಒಳಗಿನ ಹೆಸರು ಕಾಣದ ಹಾಗೆ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ (ಎಲ್ಲ ಒಳಹೆಸರುಗಳಿಗೂ ಒಂದೇ ಪ್ರಮಾಣಪತ್ರ) ತೆಗೆದುಕೊಂಡೆ.

ಮೇ 25ರಂದು ಹೊರಗಿನಿಂದ ಎನ್‌ಮ್ಯಾಪ್: ಒಂದೂ ಟಿಸಿಪಿ ಪೋರ್ಟ್ ತೆರೆದಿಲ್ಲ. ಆ ಪುಟದ ಮೇಲೆ ತಾರೀಖು ಬರೆದು ಸಹಿ ಮಾಡಿದೆ.

ಹಂತ 6: ಆರಿದ್ರಾ ಮಳೆ (ಜೂನ್ 24ರಿಂದ 27)

ಮರ ಬಿದ್ದು ಹದಿನಾಲ್ಕು ಗಂಟೆ ಕರೆಂಟಿಲ್ಲ. ಇನ್ವರ್ಟರ್ ಖಾಲಿ. ಬೆಳಿಗ್ಗೆ ಕರೆಂಟು ಬಂತು, ಸರ್ವರ್ ತಾನೇ ಎದ್ದಿತು, ಆದರೆ ಹೊರಗಿನಿಂದ ಸಿಗುತ್ತಿಲ್ಲ. ನಾನು ಚಿಕ್ಕಮಗಳೂರಿನಲ್ಲಿದ್ದೆ, ಮನೆಗೆ ಬಂದು ನೋಡುವಾಗ ಸಂಜೆಯಾಯಿತು.

ಸರ್ವರ್ ಒಂದು ನಿಮಿಷದೊಳಗೆ ಏಳುತ್ತದೆ, ರೂಟರ್‌ಗೆ ಮೂರು ನಿಮಿಷ ಬೇಕು. ವೈರ್‌ಗಾರ್ಡ್ ಸಂರಚನೆಯಲ್ಲಿ ಬಾಡಿಗೆ ಸರ್ವರ್‌ಗೆ ಹೆಸರು ಕೊಟ್ಟಿದ್ದೆ. ಹೆಸರಿನಿಂದ ವಿಳಾಸ ಹುಡುಕಲು ಜಾಲವೇ ಇರಲಿಲ್ಲ, ಕೆಲವು ಸಲ ಪ್ರಯತ್ನಿಸಿ ಅದು ಕೈಚೆಲ್ಲಿತು. ಕ್ಯಾಡಿಯನ್ನು ವೈರ್‌ಗಾರ್ಡ್ ವಿಳಾಸಕ್ಕೆ ಮಾತ್ರ ಕಟ್ಟಿದ್ದೆ. ಆ ವಿಳಾಸವೇ ಹುಟ್ಟಿರದ ಕಾರಣ ಅದೂ ನಿಂತಿತು. ಹೆಸರಿನ ಬದಲು ನೇರ ಐಪಿ ವಿಳಾಸ ಬರೆದೆ, ಸ್ಥಿರ ವಿಳಾಸವಾದ್ದರಿಂದ ತೊಂದರೆಯಿಲ್ಲ. ಯಂತ್ರದ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯಲ್ಲಿ ಕ್ಯಾಡಿ ವೈರ್‌ಗಾರ್ಡ್ ಆದ ಮೇಲೆಯೇ ಏಳಬೇಕು, ಬಿದ್ದರೆ ಮತ್ತೆ ಪ್ರಯತ್ನಿಸಬೇಕು ಎಂದು ಸೇರಿಸಿದೆ. ಆಮೇಲೆ ಮೇನ್ ಸ್ವಿಚ್ ಮತ್ತು ಇನ್ವರ್ಟರ್ ಎರಡನ್ನೂ ಐದು ಸಲ ಕೈಯಾರೆ ತೆಗೆದು ಹಾಕಿ ನೋಡಿದೆ. ಐದೂ ಸಲ ತಾನಾಗಿ ಎದ್ದಿತು.

ಬ್ಯಾಟರಿ ಖಾಲಿಯಾಗುವ ಮೊದಲು ಸರ್ವರ್ ತಾನೇ ಸರಿಯಾಗಿ ಮಲಗಬೇಕು. ಅದು ಮಾತ್ರ ಇನ್ನೂ ಆಗಿಲ್ಲ. ನಮ್ಮ ಇನ್ವರ್ಟರ್‌ಗೆ ಯುಎಸ್‌ಬಿ ಇಲ್ಲ, ಎಷ್ಟು ಉಳಿದಿದೆ ಎಂದು ಸರ್ವರ್‌ಗೆ ಹೇಳುವ ದಾರಿಯಿಲ್ಲ. ಯುಎಸ್‌ಬಿ ಇರುವ ಚಿಕ್ಕ ಯುಪಿಎಸ್ ಕೊಂಡು, ಅದರ ಸ್ಥಿತಿ ಓದುವ ನಟ್ ತಂತ್ರಾಂಶ ಜೋಡಿಸಬೇಕು.

ಹಂತ 7: ಕನ್ನಡ ಓದಿಸಿದ್ದು (ಜುಲೈ, ಪುನರ್ವಸು ಮಳೆಯ ಬಿಡುವಿನಲ್ಲಿ)

ಈ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದು. ಪೇಪರ್‌ಲೆಸ್ ಚಿತ್ರದಿಂದ ಅಕ್ಷರ ಗುರುತಿಸುವುದು (ಒಸಿಆರ್) ಟೆಸೆರಾಕ್ಟ್ ಎಂಬ ತಂತ್ರಾಂಶದಿಂದ, ಅದಕ್ಕೆ ಕನ್ನಡ ಬರುತ್ತದೆ. ಸಂರಚನೆಯಲ್ಲಿ ಎರಡು ಸಾಲು ಬೇಕು: ಕನ್ನಡ ಭಾಷೆಯ ಕಡತ ತರಿಸಲು ಒಂದು, ಓದುವಾಗ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಳಸಲು ಇನ್ನೊಂದು. ಎರಡನೆಯದನ್ನು ಮಾತ್ರ ಬರೆದು, ಭಾಷೆ ಸಿಗಲಿಲ್ಲ ಎಂಬ ದೋಷವನ್ನು ಅರ್ಧ ದಿನ ನೋಡುತ್ತ ಕೂತಿದ್ದೆ.

300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಮುದ್ರಿತ ಕಾಗದಗಳನ್ನು ಚೆನ್ನಾಗಿ ಓದಿತು. ಒತ್ತಕ್ಷರಗಳಲ್ಲಿ ತಪ್ಪುತ್ತದೆ, ಆದರೆ ಹುಡುಕಲು ಸಾಕು. ಡಾಟ್ ಮ್ಯಾಟ್ರಿಕ್ಸ್ ಪಹಣಿಗಳಲ್ಲಿ ಅರ್ಧಕ್ಕರ್ಧ ತಪ್ಪು. ಅಜ್ಜನ ಕೈಬರಹ ಸ್ವಲ್ಪವೂ ಆಗಲಿಲ್ಲ. ಮಳೆ ಪುಸ್ತಕವನ್ನು ಅಕ್ಕನೂ ನಾನೂ ಕೂತು ಕೈಯಲ್ಲೇ ಹೊಡೆದು ಸೇರಿಸುತ್ತಿದ್ದೇವೆ. ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಹಾಗೇ ಉಳಿಸಿಕೊಂಡಿದ್ದೇವೆ. 1971ರಿಂದ 1983ರವರೆಗೆ ಮುಗಿದಿದೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ನುಡಿ ಕಡತಗಳಲ್ಲಿ. ಹಳೆಯ ನುಡಿ ಫಾಂಟ್‌ನಲ್ಲಿ ತಯಾರಾದ ಪಿಡಿಎಫ್ ಕಣ್ಣಿಗೆ ಶುದ್ಧ ಕನ್ನಡ. ಒಳಗಿನ ಪಠ್ಯ ಮಾತ್ರ ರೋಮನ್ ಅಕ್ಷರಗಳ ಗೋಜಲು, ಎಲ್ಲ ಯಂತ್ರಗಳೂ ಕನ್ನಡವೆಂದು ಗುರುತಿಸುವ ಯುನಿಕೋಡ್ ಅಲ್ಲ. ಪಠ್ಯ ಈಗಾಗಲೇ ಇದೆಯಲ್ಲ ಎಂದು ಪೇಪರ್‌ಲೆಸ್ ಓದುವ ಕೆಲಸವನ್ನೇ ಬಿಡುತ್ತದೆ. ಹುಡುಕಿದರೆ ಏನೂ ಸಿಗದು. ರೀಡೂ ಮೋಡ್ ಹಾಕಿದೆ, ಬದಲಾಗಲಿಲ್ಲ. ಅದು ಹಳೆಯ ಒಸಿಆರ್ ಪದರವನ್ನು ಮಾತ್ರ ತೆಗೆಯುತ್ತದೆ, ಕಣ್ಣಿಗೆ ಕಾಣುವ ಪಠ್ಯ ಮುಟ್ಟುವುದಿಲ್ಲ. ಬೇಕಾದದ್ದು ಫೋರ್ಸ್ ಮೋಡ್: ಪುಟವನ್ನು ಚಿತ್ರವಾಗಿಸಿ ಹೊಸದಾಗಿ ಓದುತ್ತದೆ. ಎಲ್ಲ ಕಡತಕ್ಕೂ ಅದನ್ನು ಹಾಕಿದರೆ ಒಳ್ಳೆಯ ಯುನಿಕೋಡ್ ಪಿಡಿಎಫ್‌ಗಳೂ ಚಿತ್ರವಾಗುತ್ತವೆ. ಹಾಗಾಗಿ ನುಡಿ ಕಡತಗಳನ್ನು ಮಾತ್ರ ಬೇರೆ ಇಟ್ಟು, ಒಸಿಆರ್‌ಮೈಪಿಡಿಎಫ್ ಎಂಬ ಸಾಧನದಲ್ಲಿ ಮೊದಲೇ ಫೋರ್ಸ್ ಮಾಡಿ, ಆಮೇಲೆ ಏರಿಸಿದೆ. 64 ಕಡತ, ಒಂದು ಮಧ್ಯಾಹ್ನ. ಆಮೇಲೆ 'ಸರ್ವೆ' ಎಂದು ಕನ್ನಡದಲ್ಲಿ ಹೊಡೆದರೆ ಸಾಲಾಗಿ ಬಂದವು. ಅಪ್ಪನೂ ಪಕ್ಕದಲ್ಲಿ ಕೂತು ಒಂದೊಂದೇ ಪದ ಹೇಳಿ ಹುಡುಕಿಸಿದರು.

ಹಂತ 8: ಇಪ್ಪತ್ತು ಬೈಟ್ (ಆಗಸ್ಟ್)

ರಾತ್ರಿ 2ಕ್ಕೆ ಪೋಸ್ಟ್‌ಗ್ರೆಸ್‌ನ (ಪೇಪರ್‌ಲೆಸ್ ವಿವರ ಬರೆದಿಡುವ ದತ್ತಕೋಶ) ಡಂಪ್, ಅಂದರೆ ಪೂರ್ತಿ ಪ್ರತಿ ತೆಗೆದು, ಜಿಜಿಪ್‌ನಿಂದ ಕುಗ್ಗಿಸಿ, ಕಾಗದಗಳ ಜೊತೆ ರೆಸ್ಟಿಕ್ ಎಂಬ ತಂತ್ರಾಂಶದಿಂದ ಬ್ಯಾಕಪ್. ಒಂದು ಪ್ರತಿ 4,600 ರೂಪಾಯಿಯ ಯುಎಸ್‌ಬಿ ಡಿಸ್ಕಿಗೆ. ಇನ್ನೊಂದು ಹಾಸನದಲ್ಲಿ ಭಾವನ ಹತ್ತಿರ ಸುಮ್ಮನೆ ಇದ್ದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಹಳೆಯ ಡಿಸ್ಕಿಗೆ, ವೈರ್‌ಗಾರ್ಡ್ ಮೂಲಕ. ಅಲ್ಲಿ ರೆಸ್ಟಿಕ್‌ನ ರೆಸ್ಟ್-ಸರ್ವರ್ ಅನ್ನು ಸೇರಿಸುವುದಕ್ಕೆ ಮಾತ್ರ ಅವಕಾಶವಿರುವ ಮೋಡ್‌ನಲ್ಲಿ ಇಟ್ಟಿದ್ದೇನೆ. ಮನೆಯ ಸರ್ವರ್ ಯಾರ ಕೈಗಾದರೂ ಸಿಕ್ಕರೂ ಹಾಸನದ ಹಳೆಯ ಪ್ರತಿಗಳನ್ನು ಅಳಿಸಲು ಆಗದು. ಹಳತು ಕಳೆಯುವ ಕೆಲಸ ಹಾಸನದ ಯಂತ್ರದಲ್ಲೇ ನಡೆಯುತ್ತದೆ.

ಆಗಸ್ಟ್ 24ರಂದು ಮರುಸ್ಥಾಪನೆ ಮಾಡಿ ನೋಡೋಣವೆಂದು ಡಂಪ್ ಕಡತ ತೆಗೆದೆ. ಗಾತ್ರ 20 ಬೈಟ್. ಹಿಂದಿನ ದಿನದ್ದು 20 ಬೈಟ್. ಇಪ್ಪತ್ಮೂರು ದಿನದ್ದೂ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಬರುವ ಗಾತ್ರ ಅದು. ಕಂಟೇನರ್ ಒಳಗೆ ಕೆಲಸ ಓಡಿಸುವ ಡಾಕರ್ ಎಕ್ಸೆಕ್ ಆಜ್ಞೆಗೆ ಐ ಮತ್ತು ಟಿ ಎರಡೂ ಆಯ್ಕೆ ಕೊಟ್ಟಿದ್ದೆ, ಟಿ ಎಂದರೆ ಟರ್ಮಿನಲ್ ಬೇಕು. ನಾನು ಕೈಯಲ್ಲಿ ಓಡಿಸಿದಾಗ ಟರ್ಮಿನಲ್ ಇತ್ತು, ನಡೆಯಿತು. ರಾತ್ರಿ, ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಶುರು ಮಾಡುವ ಕ್ರಾನ್ ಓಡಿಸುವಾಗ ಟರ್ಮಿನಲ್ ಇಲ್ಲ, ದೋಷ ಕೊಟ್ಟು ನಿಂತಿತು. ಪೈಪಿನ (ಒಂದು ಆಜ್ಞೆಯ ಫಲವನ್ನು ಮುಂದಿನದಕ್ಕೆ ಕೊಡುವ ಸಾಲು) ಕೊನೆಯಲ್ಲಿದ್ದ ಜಿಜಿಪ್ ಯಶಸ್ವಿ ಎಂದು ಹೇಳಿದ್ದರಿಂದ ಸ್ಕ್ರಿಪ್ಟ್‌ಗೂ ಎಲ್ಲ ಸರಿ ಎನಿಸಿತು. ಟಿ ತೆಗೆದೆ, ನಡುವಿನ ಯಾವ ಆಜ್ಞೆ ಸೋತರೂ ದೋಷ ಎನ್ನುವ ಪೈಪ್‌ಫೇಲ್ ಸೇರಿಸಿದೆ, ಡಂಪ್ 1 ಎಂಬಿಗಿಂತ ಚಿಕ್ಕದಿದ್ದರೆ ನನ್ನ ಫೋನಿಗೆ ಸಂದೇಶ ಬರುವಂತೆ ಮಾಡಿದೆ. ಪೇಪರ್‌ಲೆಸ್‌ನದೇ ರಫ್ತು ಆಜ್ಞೆಯನ್ನೂ ವಾರಕ್ಕೊಮ್ಮೆ ಓಡಿಸುತ್ತೇನೆ. ಮೂಲ ಕಾಗದ ಮತ್ತು ವಿವರ ಎರಡೂ ಅದರಲ್ಲಿ ಬರುತ್ತವೆ.

ಅದೇ ತಿಂಗಳು ಇನ್ನೊಂದು. ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್ 15 ಇದ್ದದ್ದನ್ನು 16 ಎಂದು ತಿದ್ದಿದೆ, ದತ್ತಕೋಶ ಏಳಲೇ ಇಲ್ಲ. ಮುಖ್ಯ ಆವೃತ್ತಿ ಬದಲಾದರೆ ಹಳೆಯ ಕಡತಗಳನ್ನು ಅದು ಹಾಗೇ ತೆಗೆದುಕೊಳ್ಳುವುದಿಲ್ಲ, ಡಂಪ್ ತೆಗೆದು ಹೊಸದಕ್ಕೆ ತುಂಬಬೇಕು. 15ಕ್ಕೇ ಮರಳಿದೆ. ಯಾವ ಡಾಕರ್ ಇಮೇಜಿಗೂ (ಕಂಟೇನರ್ ಎಬ್ಬಿಸುವ ಸಿದ್ಧ ಪ್ರತಿ) ಲೇಟೆಸ್ಟ್ ಎಂದು ಬರೆಯುವುದಿಲ್ಲ. ಸಂಖ್ಯೆ ಬರೆದು, ಬಿಡುಗಡೆ ಟಿಪ್ಪಣಿ ಓದಿ, ಬ್ಯಾಕಪ್ ಆದ ಮೇಲೆ ಮಾತ್ರ ಬದಲಿಸುವುದು.

ಖರ್ಚು

ಯಂತ್ರ 12,500, ರ್‍ಯಾಮ್ 1,600, ಎಸ್‌ಎಸ್‌ಡಿ 5,400, ಯುಎಸ್‌ಬಿ ಡಿಸ್ಕ್ 4,600, ಅರ್ತಿಂಗ್ 2,300. ಬಾಡಿಗೆ ಸರ್ವರ್ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳಿಗೆ 2,940, ಡೊಮೇನ್ 900. ಒಟ್ಟು 30,240 ರೂಪಾಯಿ. ಪೈ ಮತ್ತು ಸ್ಕ್ಯಾನರ್ ಮನೆಯಲ್ಲೇ ಇದ್ದವು. ಇದು ಅಗ್ಗದ ದಾರಿ ಎಂದು ಯಾರಿಗೂ ಹೇಳುವುದಿಲ್ಲ.

ಹಂತ 9: ನಾನಿಲ್ಲದೆ (ಅಕ್ಟೋಬರ್ 5)

ರೆಸ್ಟಿಕ್ ಪಾಸ್‌ವರ್ಡ್ ಮೊದಲು ಸರ್ವರ್‌ನಲ್ಲಿ ಮಾತ್ರ ಇತ್ತು. ಸರ್ವರ್ ಸತ್ತರೆ ಬ್ಯಾಕಪ್ಪಿನ ಬೀಗದ ಕೈಯೂ ಅದರ ಜೊತೆಗೇ ಹೋಗುತ್ತಿತ್ತು. ಈಗ ಕಾಗದದಲ್ಲಿ ಬರೆದು ಒಂದು ತೋಟದ ಮನೆಯ ಬೀರುವಿನಲ್ಲಿ, ಒಂದು ಅಕ್ಕನ ಬೀರುವಿನಲ್ಲಿ. ಜೊತೆಗೆ ಎರಡು ಪುಟದ ಸೂಚನೆ.

ಅಕ್ಕನಿಗೆ ಆ ಎರಡು ಪುಟ ಕೊಟ್ಟು, ಹಾಸನದ ಪೈಯಲ್ಲಿರುವ ಪ್ರತಿಯಿಂದ ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಪೇಪರ್‌ಲೆಸ್ ಎಬ್ಬಿಸಲು ಕೇಳಿಕೊಂಡೆ. ನಾನು ಫೋನ್ ತೆಗೆಯುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅವಳು ಲೆಕ್ಕಪತ್ರದ ಕೆಲಸ ಮಾಡುವವಳು, ಡಾಕರ್ ಮುಟ್ಟಿದವಳಲ್ಲ. ಬೆಳಿಗ್ಗೆ 10:10ಕ್ಕೆ ಶುರು ಮಾಡಿ 1ಕ್ಕೆ ಮುಗಿಸಿದಳು. ಎರಡು ಕಡೆ ನಿಂತಳು. ಪುಟದಲ್ಲಿ ಪೇಪರ್‌ಲೆಸ್ ಆವೃತ್ತಿ ಬರೆದಿರಲಿಲ್ಲ. ಅವಳು ಹೊಸದನ್ನು ಇಳಿಸಿದಳು. ರಫ್ತು ಮಾಡಿದ ಆವೃತ್ತಿಗೇ ಆಮದು ಮಾಡಬೇಕೆಂದು ಹುಡುಕಿ ತಿಳಿಯಲು ನಲವತ್ತು ನಿಮಿಷ. ಇನ್ನೊಂದು, ಪಾಸ್‌ವರ್ಡಿನಲ್ಲಿ ನಾನು ಬರೆದ 1 ಅವಳಿಗೆ ಎಲ್ ಅಕ್ಷರದ ಹಾಗೆ ಕಂಡಿತು.

ಅಂದೇ ರಾತ್ರಿ ಪುಟ ಹೊಸದಾಗಿ ಬರೆದೆ. ಆವೃತ್ತಿ ಸಂಖ್ಯೆ ಮೇಲ್ಗಡೆಯೇ ಇದೆ, ಕಂಪೋಸ್ ಕಡತವೂ ಬ್ಯಾಕಪ್ಪಿನೊಳಗೆ ಸೇರಿದೆ. ಪಾಸ್‌ವರ್ಡ್ ಈಗ ಎಂಟು ಪದಗಳ ಸಾಲು, ಅದರಲ್ಲಿ ಅಂಕಿ ಇಲ್ಲ. ಜನವರಿಯಲ್ಲಿ ಕೊಯ್ಲಿನ ನಡುವೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಅಕ್ಕ ಮತ್ತೆ ಮಾಡುತ್ತಾಳೆ, ಈ ಸಲ ಯುಎಸ್‌ಬಿ ಡಿಸ್ಕಿನಿಂದ.